ಗಡ್ಡ ‘ಶಾಶ್ವತವಾಗಿ’ ಹೋಗುತ್ತದೆ ಎನ್ನುವ ಫಾರ್ವರ್ಡ್‌ಗಳು: ಟ್ರಾನ್ಸ್ ಮಹಿಳೆಯರು ಮತ್ತು ಹೆಣ್ಣುಡುಗೆ ತೊಡುವವರು ತಿಳಿದಿರಬೇಕಾದ ವಿಷಯಗಳು

“ಸುಣ್ಣಕ್ಕೆ ಅರಿಶಿನ ಕಲಸಿ ಏಳು ದಿನ ಹಚ್ಚಿ, ಗಡ್ಡ ಮತ್ತೆ ಬರುವುದೇ ಇಲ್ಲ.” “ಈ ಮಾತ್ರೆ ತಿಂದರೆ ಮೀಸೆ ತಾನಾಗಿಯೇ ಉದುರುತ್ತದೆ.” “ಒಂದೇ ಸಿಟಿಂಗ್‌ನಲ್ಲಿ ಲೇಸರ್, ಜೀವನಪರ್ಯಂತ ಗ್ಯಾರಂಟಿ.” ಬೇಡದ ಕೂದಲಿನ ಬಗ್ಗೆ ವಾಟ್ಸಾಪ್‌ನಲ್ಲಿ, ರೀಲ್ಸ್‌ನಲ್ಲಿ ಓಡಾಡುವ ಮಾತುಗಳು ಬಹುತೇಕ ಹೀಗೇ ಇರುತ್ತವೆ. ಇವುಗಳಿಂದ ಹೆಚ್ಚು ಪೆಟ್ಟು ತಿನ್ನುವವರು ಈ ವಿಷಯವನ್ನು ಯಾರ ಹತ್ತಿರವೂ ಬಾಯಿಬಿಟ್ಟು ಕೇಳಲಾಗದವರು. ಟ್ರಾನ್ಸ್ ಮಹಿಳೆಯರು, ಮಂಗಳಮುಖಿಯರು, ಆಗಾಗ ಹೆಣ್ಣುಡುಗೆ ತೊಡುವ ಕ್ರಾಸ್‌ಡ್ರೆಸ್ಸರ್‌ಗಳು ಅಂಥವರಲ್ಲಿ ಮುಖ್ಯರು.

ಹೊರಗಿನವರಿಗೆ ಇದು ಬರೀ ಅಂದದ ವಿಷಯ ಅನ್ನಿಸಬಹುದು. ಟ್ರಾನ್ಸ್ ಮಹಿಳೆಗೆ ಹಾಗಲ್ಲ. ಬಸ್ಸಿನಲ್ಲಿ, ಕೆಲಸದ ಜಾಗದಲ್ಲಿ, ಬಾಡಿಗೆ ಮನೆ ಕೇಳಲು ಹೋದಾಗ ಜನರ ಕಣ್ಣು ಮೊದಲು ಬೀಳುವುದು ಕೆನ್ನೆಯ ಮೇಲಿನ ಆ ಹಸಿರು ಛಾಯೆಯ ಮೇಲೆ. ಪ್ರತಿದಿನ ಬೆಳಿಗ್ಗೆ ಕನ್ನಡಿ ನೋಡುವುದೇ ಸಂಕಟವಾಗುತ್ತದೆ. ಆ ಸಂಕಟದಲ್ಲಿ ಯಾರು ಏನು ಹೇಳಿದರೂ ಹಚ್ಚಿಕೊಳ್ಳುವ ಮನಸ್ಸಾಗುತ್ತದೆ. ಅದಕ್ಕೇ ಈ ಲೇಖನದಲ್ಲಿ ನಾವು ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ, ಯಾವುದು ಅಪಾಯ ಎಂಬುದನ್ನು ಬಿಡಿಸಿ ಹೇಳುತ್ತೇವೆ.

ಸಂಕ್ಷಿಪ್ತವಾಗಿ

• ಮನೆಮದ್ದು, ಎಣ್ಣೆ, ಲೇಪ ಯಾವುದೂ ಗಡ್ಡದ ಕೂದಲನ್ನು ಶಾಶ್ವತವಾಗಿ ತೆಗೆಯುವುದಿಲ್ಲ.
• ಶೇವ್ ಮಾಡಿದರೆ ಕೂದಲು ದಪ್ಪವಾಗುವುದಿಲ್ಲ.
• ಹಾರ್ಮೋನ್ ಚಿಕಿತ್ಸೆಯಿಂದ ಮೈಮೇಲಿನ ಕೂದಲು ತೆಳುವಾಗುತ್ತದೆ, ಗಡ್ಡ ಹೋಗುವುದಿಲ್ಲ.
• ಲೇಸರ್ ಕೂದಲನ್ನು ದೀರ್ಘಕಾಲ ಕಡಿಮೆ ಮಾಡುತ್ತದೆ. ಎಲೆಕ್ಟ್ರಾಲಿಸಿಸ್ ಒಂದೊಂದೇ ಕೂದಲನ್ನು ಬುಡಸಮೇತ ನಾಶ ಮಾಡುತ್ತದೆ.
• ಬ್ಲೇಡ್, ಚಿಮಟ, ಸೂಜಿ ಯಾವುದನ್ನೂ ಇನ್ನೊಬ್ಬರ ಜೊತೆ ಹಂಚಿಕೊಳ್ಳಬಾರದು.

ಗಡ್ಡ ಯಾಕೆ ಇಷ್ಟು ಹಟಮಾರಿ?

ಹುಟ್ಟಿದಾಗಿನಿಂದ ನಮ್ಮೆಲ್ಲರ ಮುಖದ ಮೇಲೂ ಬಣ್ಣವಿಲ್ಲದ ನವಿರು ಕೂದಲು ಇರುತ್ತದೆ. ಹರೆಯದಲ್ಲಿ ಟೆಸ್ಟೋಸ್ಟಿರೋನ್ ಮತ್ತು ಅದರಿಂದ ಹುಟ್ಟುವ ಇನ್ನೊಂದು ಹಾರ್ಮೋನ್ ಈ ನವಿರು ಕೂದಲಿನ ಬುಡವನ್ನು ಬದಲಾಯಿಸುತ್ತವೆ. ಬುಡ ದೊಡ್ಡದಾಗಿ ಆಳಕ್ಕೆ ಇಳಿಯುತ್ತದೆ, ಕೂದಲು ದಪ್ಪ ಮತ್ತು ಕಪ್ಪಾಗುತ್ತದೆ. ಒಮ್ಮೆ ಹೀಗೆ ಬದಲಾದ ಬುಡ, ಆಮೇಲೆ ಟೆಸ್ಟೋಸ್ಟಿರೋನ್ ಕಡಿಮೆಯಾದರೂ ಹಳೆಯ ಸ್ಥಿತಿಗೆ ಮರಳುವುದು ಅಪರೂಪ.

ಇನ್ನೊಂದು ವಿಷಯ. ಎಲ್ಲ ಕೂದಲೂ ಒಟ್ಟಿಗೆ ಬೆಳೆಯುವುದಿಲ್ಲ. ಕೆಲವು ಬೆಳೆಯುವ ಹಂತದಲ್ಲಿದ್ದರೆ, ಕೆಲವು ವಿಶ್ರಾಂತಿಯಲ್ಲಿರುತ್ತವೆ, ಕೆಲವು ಉದುರುತ್ತಿರುತ್ತವೆ. ಇವತ್ತು ಚರ್ಮದ ಮೇಲೆ ಕಾಣದ ಕೂದಲು ಎರಡು ತಿಂಗಳ ನಂತರ ಮೇಲೆ ಬರುತ್ತದೆ. “ಒಂದೇ ಸಿಟಿಂಗ್‌ನಲ್ಲಿ ಮುಗಿಯಿತು” ಎನ್ನುವ ಯಾವ ಜಾಹೀರಾತನ್ನೂ ನಂಬಬಾರದು ಎನ್ನಲು ಇದೊಂದೇ ಕಾರಣ ಸಾಕು.

ಫಾರ್ವರ್ಡ್‌ಗಳು ಹೇಳುವುದೇನು, ವಾಸ್ತವವೇನು?

ಹೇಳಿಕೆ 1: ಶೇವ್ ಮಾಡಿದಷ್ಟೂ ಕೂದಲು ದಪ್ಪವಾಗಿ, ಹೆಚ್ಚಾಗಿ ಬರುತ್ತದೆ.
ತೀರ್ಪು: ಸುಳ್ಳು.

ಬ್ಲೇಡ್ ಕತ್ತರಿಸುವುದು ಚರ್ಮದ ಮೇಲಿನ ಕೂದಲನ್ನು ಮಾತ್ರ. ಬುಡಕ್ಕೆ ಅದರ ಸುದ್ದಿಯೇ ತಿಳಿಯುವುದಿಲ್ಲ. ಕೂದಲಿನ ತುದಿ ಸಹಜವಾಗಿ ಚೂಪಾಗಿರುತ್ತದೆ. ಅಡ್ಡಕ್ಕೆ ಕತ್ತರಿಸಿದಾಗ ತುದಿ ಮೊಂಡಾಗುತ್ತದೆ, ಆದ್ದರಿಂದ ಮುಟ್ಟಿದರೆ ಒರಟು ಅನ್ನಿಸುತ್ತದೆ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಇದನ್ನು ಅಳೆದು ನೋಡಿ, ಶೇವಿಂಗ್‌ನಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗುವುದಿಲ್ಲ ಎಂದು ತೋರಿಸಿದ್ದರು. ಸುಮಾರು ನೂರು ವರ್ಷವಾದರೂ ಈ ನಂಬಿಕೆ ಸತ್ತಿಲ್ಲ.

ಹೇಳಿಕೆ 2: ಸುಣ್ಣ, ಅರಿಶಿನ, ಪಪ್ಪಾಯಿ, ಇರುವೆ ಮೊಟ್ಟೆಯ ಎಣ್ಣೆ ಹಚ್ಚಿದರೆ ಕೂದಲು ಹೋಗುತ್ತದೆ.
ತೀರ್ಪು: ಸುಳ್ಳು. ಸುಣ್ಣ ಅಪಾಯಕಾರಿ.

ಅರಿಶಿನ, ಕಡಲೆಹಿಟ್ಟು ಒಣಗಿದ ಮೇಲೆ ಉಜ್ಜಿ ತೆಗೆದಾಗ ಕೆಲವು ನವಿರು ಕೂದಲು ಕಿತ್ತು ಬರಬಹುದು, ಅಷ್ಟೆ. ಗಡ್ಡದ ಬುಡ ಚರ್ಮದ ಒಳಗೆ ಹಲವು ಮಿಲಿಮೀಟರ್ ಆಳದಲ್ಲಿದೆ, ಲೇಪ ಅಲ್ಲಿಗೆ ಇಳಿದು ಅದನ್ನು ನಾಶ ಮಾಡುವುದಿಲ್ಲ. ಸುಣ್ಣದ ವಿಷಯ ಬೇರೆ. ಅದು ತೀಕ್ಷ್ಣ ಕ್ಷಾರ. ಮುಖಕ್ಕೆ ಹಚ್ಚಿ ಬಿಟ್ಟರೆ ಚರ್ಮ ಸುಡುತ್ತದೆ, ಕಣ್ಣಿಗೆ ತಾಗಿದರೆ ದೃಷ್ಟಿಗೇ ಕುತ್ತು. ಕೆಲವೆಡೆ ಸುಣ್ಣದ ಜೊತೆ ಹರತಾಳ ಕಲಸುವ ಹಳೆಯ ಪಾಕವೂ ಹರಿದಾಡುತ್ತದೆ. ಹರತಾಳವೆಂದರೆ ಆರ್ಸೆನಿಕ್ ಇರುವ ಖನಿಜ. ಅದನ್ನು ಮುಟ್ಟಲೇಬೇಡಿ.

ಹೇಳಿಕೆ 3: ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ ಗಡ್ಡ ಉದುರುತ್ತದೆ.
ತೀರ್ಪು: ಬಹುಮಟ್ಟಿಗೆ ಸುಳ್ಳು.

ವೈದ್ಯರ ಮೇಲ್ವಿಚಾರಣೆಯಲ್ಲಿ ಈಸ್ಟ್ರೋಜೆನ್ ಮತ್ತು ಟೆಸ್ಟೋಸ್ಟಿರೋನ್ ತಡೆಯುವ ಔಷಧ ತೆಗೆದುಕೊಂಡಾಗ ಎದೆ, ಬೆನ್ನು, ಕೈಕಾಲಿನ ಕೂದಲು ನಿಧಾನವಾಗಿ ತೆಳುವಾಗುತ್ತದೆ. ಬದಲಾವಣೆ ಶುರುವಾಗಲು 6ರಿಂದ 12 ತಿಂಗಳು, ಪೂರ್ಣವಾಗಲು 3 ವರ್ಷಕ್ಕೂ ಹೆಚ್ಚು ಬೇಕು. ಗಡ್ಡ ಮಾತ್ರ ಉಳಿಯುತ್ತದೆ. ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿಯೂ ಇಂಥ ಕೂದಲು ಪೂರ್ತಿ ಹೋಗಬೇಕಾದರೆ ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್, ಇಲ್ಲವೇ ಎರಡೂ ಬೇಕು ಎನ್ನುತ್ತದೆ.

ದೊಡ್ಡ ಅಪಾಯ ಇರುವುದು ಮೆಡಿಕಲ್ ಶಾಪ್‌ನಿಂದ ತಾವೇ ಗರ್ಭನಿರೋಧಕ ಮಾತ್ರೆ ತಂದು ರಾಶಿಗಟ್ಟಲೆ ನುಂಗುವುದರಲ್ಲಿ. ಅವುಗಳಲ್ಲಿರುವ ಎಥಿನೈಲ್ ಈಸ್ಟ್ರಡಯಾಲ್‌ನಿಂದ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಬೀಡಿ, ಸಿಗರೇಟು ಸೇದುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಸ್ಪೈರನೊಲ್ಯಾಕ್ಟೋನ್ ಮಾತ್ರೆಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ಕೆಡಬಹುದು. ರಕ್ತಪರೀಕ್ಷೆ ಇಲ್ಲದೆ ಇವು ಯಾವುದೂ ಸುರಕ್ಷಿತವಲ್ಲ.

ಹೇಳಿಕೆ 4: ಕಪ್ಪಾದ ಗಡ್ಡದ ಜಾಗಕ್ಕೆ ‘ಬೆಳ್ಳಗಾಗುವ’ ಕ್ರೀಮ್ ಹಚ್ಚಿದರೆ ಸರಿಹೋಗುತ್ತದೆ.
ತೀರ್ಪು: ದಾರಿ ತಪ್ಪಿಸುವ ಮಾತು.

ಇಂಥ ಎಷ್ಟೋ ಟ್ಯೂಬ್‌ಗಳಲ್ಲಿ ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್‌ನಂಥ ಸ್ಟಿರಾಯ್ಡ್ ಇರುತ್ತದೆ. ಮೊದಲ ಕೆಲವು ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ರಕ್ತನಾಳ ಕಾಣುತ್ತದೆ. ಎಲ್ಲಕ್ಕಿಂತ ವಿಪರ್ಯಾಸವೆಂದರೆ, ದಿನವೂ ಸ್ಟಿರಾಯ್ಡ್ ಹಚ್ಚಿದ ಮುಖದಲ್ಲಿ ಕೂದಲು ಹೆಚ್ಚಾಗುತ್ತದೆ. ವೈದ್ಯರ ಚೀಟಿ ಇಲ್ಲದೆ ಇಂಥ ಸ್ಟಿರಾಯ್ಡ್ ಕ್ರೀಮುಗಳನ್ನು ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಆದರೂ ಕೇಳಿದವರಿಗೆ ಕೊಟ್ಟುಬಿಡುವ ಅಂಗಡಿಗಳಿವೆ.

ತಾತ್ಕಾಲಿಕ ವಿಧಾನಗಳು: ಸರಿಯಾಗಿ ಮಾಡುವುದು ಹೇಗೆ?

ಎಲ್ಲರಿಗೂ ಶಾಶ್ವತ ವಿಧಾನ ಬೇಕಾಗಿಲ್ಲ. ವಾರಾಂತ್ಯದಲ್ಲಿ ಸೀರೆ ಉಟ್ಟು, ಸೋಮವಾರ ಮತ್ತೆ ಎಂದಿನಂತೆ ಆಫೀಸಿಗೆ ಹೋಗುವವರಿಗೆ ಗಡ್ಡ ಬರದೇ ಹೋದರೆ ಅದೇ ಬೇರೆ ತಲೆನೋವು. ಲೇಸರ್ ಮಾಡಿಸಿದ ಮೇಲೆ ದಟ್ಟ ಗಡ್ಡ ಬೇಕೆಂದರೆ ವಾಪಸ್ ಬರುವುದಿಲ್ಲ. ಖಚಿತವಿಲ್ಲದಿದ್ದರೆ ತಾತ್ಕಾಲಿಕ ವಿಧಾನದಲ್ಲೇ ಇರುವುದು ಜಾಣತನ.

ಶೇವಿಂಗ್: ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಸುರಕ್ಷಿತ. ಬಿಸಿನೀರಿನ ಸ್ನಾನದ ನಂತರ, ಕೂದಲು ಮೆತ್ತಗಾದಾಗ ಮಾಡಿ. ಒಣ ಚರ್ಮದ ಮೇಲೆ ಬ್ಲೇಡ್ ಎಳೆಯಬೇಡಿ, ಶೇವಿಂಗ್ ಜೆಲ್ ಅಥವಾ ಫೋಮ್ ಬಳಸಿ. ಕೂದಲು ಬೆಳೆಯುವ ದಿಕ್ಕಿನಲ್ಲೇ ಎಳೆಯಿರಿ. ತೀರಾ ನುಣುಪಾಗಲೆಂದು ಚರ್ಮ ಜಗ್ಗಿ, ಎದುರು ದಿಕ್ಕಿನಲ್ಲಿ ಎಳೆದರೆ ಕತ್ತರಿಸಿದ ತುದಿ ಚರ್ಮದ ಒಳಗೇ ಸೇರಿ ಅಲ್ಲೇ ಬಾಗಿ ಬೆಳೆಯುತ್ತದೆ. ಗಡ್ಡದ ಜಾಗದಲ್ಲಿ ಏಳುವ ನೋವಿನ ಗುಳ್ಳೆ ಮತ್ತು ಕಪ್ಪು ಕಲೆಗಳಿಗೆ ಬಹಳ ಸಲ ಇದೇ ಕಾರಣ. ಗುಂಗುರು ಕೂದಲಿನವರಿಗೆ ಇದು ಹೆಚ್ಚು.

ಉಳಿದ ಛಾಯೆಗೆ ಮೇಕಪ್: ಶೇವ್ ಮಾಡಿದ ಮೇಲೂ ಕಾಣುವ ಹಸಿರು-ನೀಲಿ ಛಾಯೆ ಚರ್ಮದ ಒಳಗಿರುವ ಕೂದಲಿನದು. ಅದರ ಮೇಲೆ ಎಷ್ಟು ಪೌಡರ್ ಬಳಿದರೂ ಬೂದಿ ಬಣ್ಣ ಬರುತ್ತದೆ. ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್ ಅನ್ನು ತೆಳುವಾಗಿ ತಟ್ಟಿ, ಆಮೇಲೆ ನಿಮ್ಮ ಬಣ್ಣದ ಫೌಂಡೇಶನ್ ಹಾಕಿದರೆ ಛಾಯೆ ಮುಚ್ಚುತ್ತದೆ. ಶೇವ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮೇಕಪ್ ಮಾಡಿದರೆ ಉರಿ ಕಡಿಮೆ.

ಕೂದಲು ತೆಗೆಯುವ ಕ್ರೀಮ್: ಇದರಲ್ಲಿರುವ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಕೂದಲಿನ ಪ್ರೋಟೀನನ್ನು ಕರಗಿಸುತ್ತದೆ. ಚರ್ಮದಲ್ಲೂ ಅದೇ ಜಾತಿಯ ಪ್ರೋಟೀನ್ ಇದೆ ಎಂಬುದನ್ನು ಮರೆಯಬಾರದು. ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ ಒಂದು ನಿಮಿಷವೂ ಹೆಚ್ಚು ಬಿಡಬೇಡಿ. ಕೈಕಾಲಿನ ಕ್ರೀಮನ್ನು ಮುಖಕ್ಕೆ, ಜನನಾಂಗಕ್ಕೆ ಹಚ್ಚಬೇಡಿ. ಮೊದಲು ಮೊಣಕೈ ಹತ್ತಿರ ಸ್ವಲ್ಪ ಹಚ್ಚಿ, 24 ಗಂಟೆ ಕಾದು ನೋಡಿ. ದಪ್ಪ ಗಡ್ಡಕ್ಕೆ ಇದು ಸರಿಯಾಗಿ ಕೆಲಸವನ್ನೂ ಮಾಡುವುದಿಲ್ಲ.

ಕೂದಲು ತೆಗೆಯುವ ಪುಡಿ: ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಕೆಲವು ಪುಡಿಗಳಲ್ಲಿ ಬೇರಿಯಂ ಸಲ್ಫೈಡ್ ಇರುತ್ತದೆ. ಹೊಟ್ಟೆಗೆ ಹೋದರೆ ರಕ್ತದ ಪೊಟ್ಯಾಸಿಯಂ ದಿಢೀರನೆ ಕುಸಿದು ಕೈಕಾಲು ಸೋಲುತ್ತದೆ, ಉಸಿರಾಟದ ಸ್ನಾಯುಗಳೂ ನಿಲ್ಲಬಹುದು, ಹೃದಯದ ಬಡಿತ ತಪ್ಪುತ್ತದೆ. ಭಾರತದಲ್ಲಿ ಹೀಗೆ ಸಾವುಗಳಾಗಿವೆ. ಮಕ್ಕಳ ಕೈಗೆ ಸಿಗದಂತೆ ಇಡಿ, ಸಾಧ್ಯವಾದರೆ ಮನೆಗೆ ತರಲೇಬೇಡಿ. ಯಾರಾದರೂ ನುಂಗಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ, ಪೊಟ್ಟಣವನ್ನೂ ಆಸ್ಪತ್ರೆಗೆ ಒಯ್ಯಿರಿ.

ವ್ಯಾಕ್ಸ್ ಮತ್ತು ಥ್ರೆಡಿಂಗ್: ಕೈಕಾಲು, ಎದೆ, ಬೆನ್ನಿಗೆ ವ್ಯಾಕ್ಸ್ ಸರಿ. ಫಲ ಕೆಲವು ವಾರ ಇರುತ್ತದೆ. ಗಡ್ಡಕ್ಕೆ ನಾವು ಇದನ್ನು ಸೂಚಿಸುವುದಿಲ್ಲ. ದಪ್ಪ ಕೂದಲು ಅರ್ಧಕ್ಕೇ ತುಂಡಾಗಿ ಒಳಗೆ ಬೆಳೆಯುತ್ತದೆ, ಕೀವು ತುಂಬುತ್ತದೆ. ಮೊಡವೆಗೆ ರೆಟಿನಾಯ್ಡ್ ಕ್ರೀಮ್ ಅಥವಾ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವ್ಯಾಕ್ಸ್ ಬೇಡವೇ ಬೇಡ, ಕೂದಲಿನ ಜೊತೆ ಚರ್ಮವೂ ಕಿತ್ತು ಬರುತ್ತದೆ.

ಚಿಮಟ: ಮಂಗಳಮುಖಿ ಸಮುದಾಯದಲ್ಲಿ ಚಿಮಟದಿಂದ ಒಂದೊಂದೇ ಕೂದಲು ಕೀಳುವುದು ಹಿಂದಿನಿಂದ ಬಂದ ರೂಢಿ. ಕಿತ್ತ ಕೂದಲು ಮತ್ತೆ ಬರಲು ವಾರಗಳು ಹಿಡಿಯುವುದರಿಂದ ಛಾಯೆ ಕಾಣುವುದಿಲ್ಲ ಎಂಬುದು ನಿಜ. ಆದರೆ ದಿನವೂ ಕಿತ್ತರೆ ಗುಳ್ಳೆ, ಕಲೆ, ಗುಂಡಿ ಉಳಿಯುತ್ತವೆ. ಕೀಳುವುದೇ ಆದರೆ ಪ್ರತಿಯೊಬ್ಬರಿಗೂ ಸ್ವಂತ ಚಿಮಟ ಇರಲಿ, ಬಳಸುವ ಮುನ್ನ ಸ್ಪಿರಿಟ್‌ನಿಂದ ಒರೆಸಿ.

ಹಂಚಿಕೊಳ್ಳಬೇಡಿ ಎಂದು ನಾವು ಮತ್ತೆ ಮತ್ತೆ ಹೇಳುತ್ತಿರುವುದಕ್ಕೆ ಕಾರಣವಿದೆ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಬದುಕಿರಬಲ್ಲದು. ಬ್ಲೇಡ್ ಮೇಲಿನ ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು. ಇದಕ್ಕೆ ಲಸಿಕೆ ಇದೆ, ಹಾಕಿಸಿಕೊಂಡಿಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ.

ಲೇಸರ್: ಯಾರಿಗೆ, ಹೇಗೆ?

ಲೇಸರ್ ಬೆಳಕನ್ನು ಕೂದಲಿನ ಕಪ್ಪು ಬಣ್ಣ ಹೀರಿಕೊಂಡು ಬಿಸಿಯಾಗುತ್ತದೆ, ಆ ಬಿಸಿಗೆ ಬುಡ ಹಾಳಾಗುತ್ತದೆ. ಹಾಗಾಗಿ ಕಪ್ಪು ಕೂದಲಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಬಿಳಿ ಕೂದಲಿಗೆ ಮಾಡುವುದಿಲ್ಲ. ಗಡ್ಡ ನರೆಯುವ ಮುನ್ನವೇ ಯೋಚಿಸಬೇಕು ಎನ್ನುವುದು ಇದಕ್ಕೇ.

ಅದೇ ಕಪ್ಪು ಬಣ್ಣ ನಮ್ಮ ಚರ್ಮದಲ್ಲೂ ಇದೆ. ಯಂತ್ರ ಅಥವಾ ಶಕ್ತಿಯ ಮಟ್ಟ ತಪ್ಪಿದರೆ ಕೂದಲಿನ ಬದಲು ಚರ್ಮ ಸುಡುತ್ತದೆ. ಕಂದು, ಕಪ್ಪು ಬಣ್ಣದವರಿಗೆ 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. 800ರಿಂದ 810 ನ್ಯಾನೋಮೀಟರ್‌ನ ಡಯೋಡ್ ಲೇಸರನ್ನೂ ಅನುಭವಿ ವೈದ್ಯರು ಬಳಸುತ್ತಾರೆ. ಪಾರ್ಲರ್‌ಗಳಲ್ಲಿ ‘ಲೇಸರ್’ ಎಂದು ಹೇಳಿ ಮಾಡುವ ಐಪಿಎಲ್ ಲೇಸರ್ ಅಲ್ಲ, ಕಪ್ಪು ಚರ್ಮಕ್ಕೆ ಅದರಿಂದ ಸುಟ್ಟ ಗಾಯದ ಅಪಾಯ ಹೆಚ್ಚು. ಮನೆಯಲ್ಲಿ ಬಳಸುವ ಐಪಿಎಲ್ ಯಂತ್ರ ಕೊಳ್ಳುವವರು ಪೊಟ್ಟಣದ ಮೇಲಿನ ಚರ್ಮದ ಬಣ್ಣದ ಪಟ್ಟಿ ನೋಡಬೇಕು.

ಮುಖಕ್ಕೆ 4ರಿಂದ 6 ವಾರಕ್ಕೊಮ್ಮೆ, ಕನಿಷ್ಠ 6ರಿಂದ 8 ಸಿಟಿಂಗ್ ಬೇಕು. ದಟ್ಟ ಗಡ್ಡಕ್ಕೆ ಇನ್ನೂ ಹೆಚ್ಚು, ಆಮೇಲೂ ಆಗಾಗ ಟಚಪ್ ಬೇಕಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಲೇಸರನ್ನು ಕೂದಲನ್ನು ‘ಶಾಶ್ವತವಾಗಿ ಕಡಿಮೆ ಮಾಡುವ’ ವಿಧಾನ ಎನ್ನುತ್ತದೆ, ‘ಪೂರ್ತಿ ತೆಗೆಯುವ’ ವಿಧಾನ ಎನ್ನುವುದಿಲ್ಲ. ಕೆಲವರಲ್ಲಿ, ಅದರಲ್ಲೂ ದಕ್ಷಿಣ ಏಷ್ಯಾದವರ ಮುಖ ಮತ್ತು ಕುತ್ತಿಗೆಯಲ್ಲಿ, ಲೇಸರ್ ಅಥವಾ ಐಪಿಎಲ್ ನಂತರ ಅಕ್ಕಪಕ್ಕದ ನವಿರು ಕೂದಲು ದಪ್ಪವಾಗುವುದೂ ಉಂಟು. ಇದನ್ನು ಮೊದಲೇ ಹೇಳದ ಕ್ಲಿನಿಕ್ ಪ್ರಾಮಾಣಿಕವಲ್ಲ.

ಹೋಗುವ ಮುನ್ನ ಗಮನಿಸಿ:

• 4ರಿಂದ 6 ವಾರ ಮೊದಲೇ ವ್ಯಾಕ್ಸ್, ಥ್ರೆಡಿಂಗ್, ಚಿಮಟ ನಿಲ್ಲಿಸಿ. ಬುಡದಲ್ಲಿ ಕೂದಲೇ ಇಲ್ಲದಿದ್ದರೆ ಲೇಸರ್ ಏನನ್ನು ಹಿಡಿಯಬೇಕು? ಶೇವಿಂಗ್ ಮಾತ್ರ ಸರಿ.
• ಹಿಂದಿನ ಗಾಯ ಉಬ್ಬಿ ಗಂಟಾಗುವ ಸ್ವಭಾವ, ತುಟಿಯ ಮೇಲೆ ಪದೇಪದೇ ಏಳುವ ಸರ್ಪಸುತ್ತಿನಂಥ ಗುಳ್ಳೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಇವೆಲ್ಲವನ್ನೂ ವೈದ್ಯರಿಗೆ ಹೇಳಿ.
• ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿ, ಕಾದು ನೋಡಿ, ಆಮೇಲೆ ಮುಖಕ್ಕೆ ಮಾಡಿಸಿ.
• ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ. ಹುಬ್ಬಿನ ಕೆಳಗೆ, ರೆಪ್ಪೆಯ ಹತ್ತಿರ ಲೇಸರ್ ಮಾಡಿಸಬೇಡಿ.
• ಹಚ್ಚೆಯ ಮೇಲೆ ಲೇಸರ್ ಬೇಡ.
• ಮಾಡಿಸಿದ ಮೇಲೆ ಬಿಸಿಲು ತಪ್ಪಿಸಿ, ಸನ್‌ಸ್ಕ್ರೀನ್ ಹಚ್ಚಿ. ಒಂದರಿಂದ ಮೂರು ವಾರ ಸುಟ್ಟ ಕೂದಲು ಹೊರಬಂದು ಉದುರುತ್ತದೆ, ಅದು ಹೊಸ ಬೆಳವಣಿಗೆ ಅಲ್ಲ.

ನೋವಿಗೆ ಮರಗಟ್ಟಿಸುವ ಕ್ರೀಮ್ ಹಚ್ಚುವುದು ರೂಢಿ. ಇದನ್ನು ಮೈತುಂಬಾ ದಪ್ಪಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಹೋಗಬೇಡಿ. ಲೇಸರ್‌ಗೆ ಮೊದಲು ಕಾಲಿಗೆ ಹೀಗೆ ಹಚ್ಚಿಕೊಂಡ ಇಬ್ಬರು ಯುವತಿಯರು ತೀರಿಕೊಂಡ ಮೇಲೆ, 2007ರಲ್ಲಿ ಎಫ್‌ಡಿಎ ಎಚ್ಚರಿಕೆ ನೀಡಿತ್ತು. ಔಷಧ ಚರ್ಮದ ಮೂಲಕ ರಕ್ತಕ್ಕೆ ಸೇರಿ ಹೃದಯ, ಮೆದುಳಿಗೆ ಹೊಡೆತ ಕೊಡುತ್ತದೆ. ಎಷ್ಟು, ಎಲ್ಲಿ ಹಚ್ಚಬೇಕೆಂದು ವೈದ್ಯರೇ ಹೇಳಬೇಕು.

ಎಲೆಕ್ಟ್ರಾಲಿಸಿಸ್: ನಿಧಾನ, ಆದರೆ ಖಚಿತ

ಕೂದಲಿನಷ್ಟೇ ತೆಳುವಾದ ಸೂಜಿಯನ್ನು ಒಂದೊಂದು ಕೂದಲಿನ ರಂಧ್ರಕ್ಕೆ ಇಳಿಸಿ ವಿದ್ಯುತ್ ಹರಿಸುತ್ತಾರೆ. ಬಿಸಿಯಿಂದ ಅಥವಾ ಅಲ್ಲೇ ಹುಟ್ಟುವ ಕ್ಷಾರದಿಂದ ಬುಡ ನಾಶವಾಗುತ್ತದೆ. 1875ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್ ಕಣ್ಣಿನೊಳಗೆ ಬಾಗಿ ಬೆಳೆಯುವ ರೆಪ್ಪೆಗೂದಲು ತೆಗೆಯಲು ಬಳಸಿದ ವಿಧಾನವಿದು. ಕೂದಲು ಬಿಳಿಯಿರಲಿ ಕಪ್ಪಿರಲಿ, ಚರ್ಮ ಯಾವ ಬಣ್ಣದ್ದೇ ಇರಲಿ, ಕೆಲಸ ಮಾಡುತ್ತದೆ.

ಕಷ್ಟ ಇರುವುದು ಸಮಯದಲ್ಲಿ. ಪೂರ್ತಿ ಗಡ್ಡಕ್ಕೆ ನೂರಾರು ಗಂಟೆ, ಅಂದರೆ ಒಂದೆರಡು ವರ್ಷ ಹಿಡಿಯಬಹುದು. ಆದ್ದರಿಂದ ಹಲವರು ಮೊದಲು ಲೇಸರ್‌ನಿಂದ ಬಹುಪಾಲು ಕಡಿಮೆ ಮಾಡಿಸಿ, ಉಳಿದ ಬಿಳಿ ಮತ್ತು ಬಿಡಿ ಕೂದಲಿಗೆ ಎಲೆಕ್ಟ್ರಾಲಿಸಿಸ್ ಮಾಡಿಸುತ್ತಾರೆ. ನಿಮ್ಮ ಎದುರೇ ಹೊಸ ಸೂಜಿಯ ಪೊಟ್ಟಣ ಬಿಚ್ಚಬೇಕು. ಹಳೆಯ ಸೂಜಿ ಎಂದರೆ ಎದ್ದು ಬನ್ನಿ.

ಲಿಂಗ ದೃಢೀಕರಣ ಶಸ್ತ್ರಚಿಕಿತ್ಸೆಗೆ ಮೊದಲು

ಯೋನಿ ರಚನೆಯ ಶಸ್ತ್ರಚಿಕಿತ್ಸೆಯಲ್ಲಿ ಅಲ್ಲಿನ ಚರ್ಮವನ್ನೇ ಒಳಗೆ ಬಳಸುವ ವಿಧಾನವಿದೆ. ಆ ಚರ್ಮದಲ್ಲಿ ಕೂದಲಿದ್ದರೆ ಅದು ಒಳಗೇ ಬೆಳೆದು ಸೋಂಕು, ವಾಸನೆ ಕೊಡುತ್ತದೆ, ಆಮೇಲೆ ತೆಗೆಯುವುದು ಬಹಳ ಕಷ್ಟ. ಯಾವ ಭಾಗದ ಕೂದಲು ತೆಗೆಸಬೇಕೆಂದು ಶಸ್ತ್ರವೈದ್ಯರನ್ನೇ ಕೇಳಿ, ತಿಂಗಳುಗಳ ಮೊದಲೇ ಶುರು ಮಾಡಿ.

ಕ್ಲಿನಿಕ್‌ಗೆ ಹೋಗಲು ಮುಜುಗರವೇ?

ಗಡ್ಡದ ಲೇಸರ್ ಕೇಳಲು ನಿಮ್ಮ ಬದುಕಿನ ಕಥೆ ಹೇಳಬೇಕಾಗಿಲ್ಲ. ಕೆನ್ನೆ, ಕುತ್ತಿಗೆಯ ಕೂದಲು ತೆಗೆಸಲು ಎಷ್ಟೋ ಗಂಡಸರೂ ಹೋಗುತ್ತಾರೆ. ಹಾರ್ಮೋನ್ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮುಚ್ಚಿಡಬೇಡಿ, ಅದು ಚಿಕಿತ್ಸೆಗೆ ಬೇಕಾದ ಮಾಹಿತಿ. ಫೋನಿನಲ್ಲೇ ನಾಲ್ಕು ಪ್ರಶ್ನೆ ಕೇಳಿ: ಯಂತ್ರ ಯಾವುದು? ಯಂತ್ರ ಹಿಡಿಯುವವರು ಯಾರು? ನೋಂದಾಯಿತ ಚರ್ಮರೋಗ ತಜ್ಞರು ಅಲ್ಲಿ ಇರುತ್ತಾರಾ? ಸುಟ್ಟ ಗಾಯವಾದರೆ ಏನು ಮಾಡುತ್ತೀರಿ? ಉತ್ತರ ಸರಿ ಬರದಿದ್ದರೆ ಬೇರೆ ಕಡೆ ನೋಡಿ. ಹತ್ತು ಸಿಟಿಂಗ್‌ನ ದುಡ್ಡನ್ನು ಒಮ್ಮೆಗೇ ಕಟ್ಟಬೇಡಿ.

ಇದು ಬರೀ ಶೋಕಿ ಎಂದು ಯಾರಾದರೂ ಹೇಳಿದರೆ, 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ 15ನೇ ಕಲಮು ನೆನಪಿರಲಿ. ಸರ್ಕಾರದ ವಿಮಾ ಯೋಜನೆ ಭರಿಸಬೇಕಾದ ವೆಚ್ಚಗಳ ಪಟ್ಟಿಯಲ್ಲಿ ಶಸ್ತ್ರಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆಯ ಜೊತೆ ‘ಲೇಸರ್ ಚಿಕಿತ್ಸೆ’ ಎಂದೇ ಅಲ್ಲಿ ಬರೆಯಲಾಗಿದೆ. ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಇರುವವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆರೋಗ್ಯ ರಕ್ಷಣೆ ಕೊಡುವ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಒಪ್ಪಂದಕ್ಕೆ 2022ರಲ್ಲಿ ಕೇಂದ್ರ ಸರ್ಕಾರ ಸಹಿ ಹಾಕಿತು. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆ ಸಿಗುತ್ತದೆಂದು ಆಯುಷ್ಮಾನ್ ಕೌಂಟರ್‌ನಲ್ಲಿ ಮೊದಲು ವಿಚಾರಿಸಿ.

ಯಾವಾಗ ತಕ್ಷಣ ವೈದ್ಯರನ್ನು ನೋಡಬೇಕು?

ನೀರುಗುಳ್ಳೆ ಎದ್ದರೆ, ಕೀವು ಅಥವಾ ಜ್ವರ ಬಂದರೆ, ಕಣ್ಣು ಕೆಂಪಾಗಿ ನೋವಾದರೆ, ಎರಡು ದಿನವಾದರೂ ಉರಿ ಇಳಿಯದಿದ್ದರೆ ಕಾಯಬೇಡಿ. ಸುಣ್ಣ ಅಥವಾ ಕ್ರೀಮ್‌ನಿಂದ ಸುಟ್ಟಿದ್ದರೆ ಮೊದಲು ಒರೆಸಿ ತೆಗೆದು, 20 ನಿಮಿಷ ಹರಿಯುವ ತಣ್ಣೀರಿನಲ್ಲಿ ತೊಳೆಯಿರಿ. ನಿಂಬೆರಸ, ಟೂತ್‌ಪೇಸ್ಟ್ ಹಚ್ಚಬೇಡಿ. ಹಾರ್ಮೋನ್ ಮಾತ್ರೆ ತಿನ್ನುವವರಿಗೆ ಒಂದು ಕಾಲು ಊದಿ ನೋವಾದರೆ, ಎದೆನೋವು ಅಥವಾ ಉಸಿರುಕಟ್ಟುವಿಕೆ ಬಂದರೆ ಅದು ತುರ್ತು. ಕನ್ನಡಿಯ ಸಂಕಟ ಮನಸ್ಸನ್ನು ಕುಗ್ಗಿಸುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ನಮ್ಮ ತೀರ್ಮಾನ

ಏಳು ದಿನದಲ್ಲಿ ಗಡ್ಡ ಮಾಯ ಮಾಡುವ ಲೇಪ ಇಲ್ಲ, ಒಂದೇ ಸಿಟಿಂಗ್‌ನ ಲೇಸರ್ ಇಲ್ಲ. ಸ್ವಂತ ಬ್ಲೇಡ್, ಒಳ್ಳೆಯ ಜೆಲ್, ಸರಿಯಾದ ಮೇಕಪ್ ಇದ್ದರೆ ಇವತ್ತಿನ ದಿನ ನೆಮ್ಮದಿಯಾಗಿ ಕಳೆಯುತ್ತದೆ. ಶಾಶ್ವತ ದಾರಿ ಬೇಕೆನ್ನುವವರಿಗೆ ಲೇಸರ್, ಎಲೆಕ್ಟ್ರಾಲಿಸಿಸ್ ಇವೆ, ತಾಳ್ಮೆ ಬೇಕು. ಇಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಬಂದರೆ ನಕ್ಕು ಮುಂದೆ ತಳ್ಳಬೇಡಿ. ಅದನ್ನು ಗುಟ್ಟಾಗಿ ಓದಿ, ರಾತ್ರಿ ಬಾಗಿಲು ಹಾಕಿಕೊಂಡು ಮುಖಕ್ಕೆ ಸುಣ್ಣ ಹಚ್ಚುವವರು ಅದೇ ಗ್ರೂಪಿನಲ್ಲಿ ಇರಬಹುದು. ಅವರಿಗಾಗಿ ಈ ಲೇಖನವನ್ನು ಹಂಚಿಕೊಳ್ಳಿ.